ತೆಳು ಗೋಡೆಯ ಸ್ಪೀಕರು

ಅಂಗೈಯಲ್ಲಿ ಹಿಡಿಸುವಷ್ಟು ಸ್ಪೀಕರು. ಅದಕ್ಕೆ ತಂತಿಯೂ ಇಲ್ಲ, ಮಾನ ಮರ್ಯಾದೆಯೂ ಇಲ್ಲ. ಅದನ್ನು ನನ್ನ ಲೇತಿನ ಪಕ್ಕದ ಮೇಜಿನ ಮೇಲಿಟ್ಟು, ಆಟಿಕೆ ಅಂಗಡಿಯ ಅಶ್ವಥ್ ಬೀಗುತ್ತಾ ನಿಂತಿದ್ದ.

"ಸ್ಟುಡಿಯೋ ಸೌಂಡ್ ಸಾಬ್ರೇ! ರೂಮೇ ತುಂಬೋಯ್ತದೆ, ನೋಡ್ತಿರಿ," ಎಂದು ಹಾಡು ಹಾಕಿದ.

ತುಂಬಿದ್ದು ನನ್ನ ತಲೆ. ತಬಲ ಎಲ್ಲಿತ್ತೋ, ಕೊಳಲು ಎಲ್ಲಿತ್ತೋ, ಹಾಡುವವಳಿಗೆ ನೆಗಡಿಯೋ ಜ್ವರವೋ, ಒಂದೂ ತಿಳಿಯಲಿಲ್ಲ. ಡಬ್ಬಿಯೊಳಗೆ ಸಿಕ್ಕಿಕೊಂಡ ಜೀರುಂಡೆಯ ಹಾಗೆ ಎಲ್ಲ ಸೇರಿ ಗುಂಯ್‌ಗುಟ್ಟುತ್ತಿತ್ತು. ಥೂ!

ಆ ಗುಂಯ್ ಕೇಳಲಿಕ್ಕೆ ಕನಕಪುರದ ಕಡೆಯ ರೆಸಾರ್ಟಿನಿಂದ ರಾಧಾಮಣಿ ಮೇಡಂ ಬಂದಿದ್ದರು. ಅವರ ಕಂಪನಿಯ ಕೋಣೆಗಳಿಗೆಲ್ಲ ಸೇರಿ ಆರುನೂರು ಸ್ಪೀಕರು ಬೇಕಿತ್ತು. ಹೊರಗೆ ನಾನು ಕಡೆದ, ನಮ್ಮ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಡಬ್ಬಿ, ಒಳಗೆ ಅಶ್ವಥ್ ಎಲ್ಲಿಂದಲೋ ತರಿಸಿದ ಮಿಷಿನ್ನು. ಹೊಸ ರಸ್ತೆ ಊರನ್ನು ಬಳಸಿಕೊಂಡು ಹೋದ ಮೇಲೆ ಗೊಂಬೆ ಕೊಳ್ಳುವವರೇ ಇಲ್ಲ. ನನ್ನ ಮೂರು ಲೇತಿನಲ್ಲಿ ಒಂದು ಆಗಲೇ ಹೋಗಿತ್ತು. ಈ ಕೆಲಸ ತಪ್ಪಿದರೆ ಉಳಿದ ಎರಡೂ ಹೋಗುತ್ತಿದ್ದವು.

ಮೇಡಂ ಮುಖ ಕಿವುಚಿದರು. "ಇದಕ್ಕಿಂತ ಪ್ಲಾಸ್ಟಿಕ್ಕಿನದೇ ವಾಸಿ ಅನ್ಸುತ್ತೆ."

"ಮರದ್ದೇ ತಪ್ಪಿರ್ಬೇಕು ಮೇಡಂ," ಎಂದ ಅಶ್ವಥ್. ನಾಲಿಗೆಗೆ ಮೂಳೆಯೇ ಇಲ್ಲ ಆ ನನ್ಮಗನಿಗೆ.

"ಮರದ್ದಾ? ಏನಪ್ಪಾ, ನಾಚ್ಕೆ ಆಗಲ್ವಾ ನಿಂಗೆ? ದರಿದ್ರ ನಿನ್ ಮಿಷಿನ್ನಲ್ಲೈತೆ! ಈ ಡಬ್ಬಿ ಗೋಡೆ ಮುಟ್ಟಿ ನೋಡು, ಎಷ್ಟು ತೆಳ್ಳಗೈತೆ ಅಂತ. ನಲವತ್ತು ವರ್ಷ ಕುಂಕುಮದ ಭರಣಿ ಕಡ್ದಿರೋ ಕೈ ಕಣಪ್ಪಾ ಇದು, ಈ ಶುಕೂರಂದು!" ಅಂದೆ ನಾನು.

ನಮ್ಮ ಕಸುಬಿನಲ್ಲಿ ತೆಳು ಅಂದರೆ ಹೆಸರು. ದಪ್ಪ ಬಿಡಲು ಯಾವ ದಡ್ಡನಿಗೂ ಬರುತ್ತದೆ. ಒಳಗಿನ ಮರವನ್ನು ಕೆರೆಯುತ್ತಾ ಕೆರೆಯುತ್ತಾ, ಇನ್ನೊಂದು ಕೂದಲೆಳೆ ಹೋದರೆ ಒಡೆಯಿತು ಅನ್ನುವಲ್ಲಿ ಉಳಿ ನಿಲ್ಲಿಸುವವನೇ ಕೆಲಸಗಾರ.

ಎರಡನೇ ಲೇತಿನಿಂದ ನನ್ನ ಮಗಳು ಅತಿಯಾ ಎದ್ದು ಬಂದಳು. ಅವಳ ಕೈಯಲ್ಲಿ ಅವಳೇ ಕಡೆದ ಡಬ್ಬಿ. ಅರ್ಧ ಇಂಚು ದಪ್ಪದ ಗೋಡೆ, ಥೇಟ್ ಒರಳು. ಮಾನ ಕಳೀಬೇಡ ಎಂದು ನಾನೇ ಅದನ್ನು ಮೂಲೆಗೆ ಎಸೆದಿದ್ದೆ.

"ಅದೇ ಮಿಷಿನ್ನ ಇದ್ರೊಳಗೆ ಹಾಕಿ ನೋಡಿ," ಅಂದಳು.

"ಹಾಕಪ್ಪಾ ಅಶ್ವಥ್, ಒಸಿ ನಗಾಡೋಣ," ಅಂದೆ.

ಅವನು ನಾಲ್ಕು ಸ್ಕ್ರೂ ಬಿಚ್ಚಿ ಮಿಷಿನ್ನನ್ನು ಅವಳ ಡಬ್ಬಿಗೆ ಕೂರಿಸಿದ. ಅದೇ ಹಾಡು ಹಾಕಿದ. ತಬಲ ಬಂತು. ಕೊಳಲು ತನ್ನ ಪಾಡಿಗೆ ತಾನು ಬೇರೆಯಾಗಿ ಬಂತು. ಹಾಡುವವಳು ಸಾಲಿಗೆ ಮುಂಚೆ ಉಸಿರೆಳೆದದ್ದು ಕೂಡ ಕೇಳಿಸಿತು. ಏನಾದರೂ ಕೊಂಕು ಸಿಕ್ಕೀತೆಂದು ಡಬ್ಬಿಯ ಮೇಲೆ ಕೈಯಿಟ್ಟೆ. ಅದು ಅಲುಗಾಡಲಿಲ್ಲ. ನನ್ನ ಡಬ್ಬಿ ಆಗ ಹಾಡು ಮುಗಿಯುವವರೆಗೂ ಅದುರುತ್ತಲೇ ಇತ್ತು. ಮಿಷಿನ್ನಿನ ಜೊತೆ ನನ್ನ ತೆಳು ಗೋಡೆಯೂ ಹಾಡಲು ಹೊರಟಿತ್ತು. ಗುಂಯ್ ಅಂದದ್ದು ಅದೇ.

"ಇದು ಸೌಂಡ್ ಅಂದ್ರೆ! ಯಾರು ಮಾಡಿದ್ದು?" ಎಂದರು ಮೇಡಂ.

"ಇನ್ಯಾರು ಮೇಡಂ, ನಮ್ ಸಾಬ್ರೇ," ಎಂದ ಅಶ್ವಥ್.

ನಾನು ಅತಿಯಾಳ ಮುಖ ನೋಡಿದೆ. ಅವಳು ಕೈಗಂಟಿದ ಮರದ ಪುಡಿ ಕೊಡವುತ್ತಾ, "ಹೂಂ, ನಮ್ ಅಬ್ಬಂದೇ," ಅಂದುಬಿಟ್ಟಳು.

ನಾನು ಹೆತ್ತ ಮಗಳು ನನ್ನ ಮೇಲೆ ಕನಿಕರ ಪಡುವುದೇ? ಆದರೂ ಹೌದೆಂದು ತಲೆಯಾಡಿಸಿದೆ, ಹೇಡಿ ನಾನು.

"ಹಾಗಾದ್ರೆ ಎಲ್ಲಾ ಇದೇ ದಪ್ಪದಲ್ಲಿ ಬೇಕು. ನೀವು ಕಡೆಯೋದನ್ನ ಒಂದು ವಿಡಿಯೋ ತಗೋತೀನಿ ಸಾಬ್ರೇ, ಗೆಸ್ಟುಗಳಿಗೆ ತೋರ್ಸೋಕೆ," ಎಂದು ಮೇಡಂ ಫೋನು ಎತ್ತಿದರು.

ಕೂತೆ. ಗೊಂಬೆ ಕಡೆಯುವ ಆಲೆ ಮರದ ತುಂಡು ಸಿಕ್ಕಿಸಿ ಮೋಟರು ಹಾಕಿದೆ. ಅರ್ಧ ಇಂಚು, ಅರ್ಧ ಇಂಚು ಎಂದು ಮನಸ್ಸು ಕೂಗುತ್ತಿತ್ತು. ಉಳಿ ಕೇಳಿದರೆ ತಾನೆ! ಕೆರೆಯಿತು, ಇನ್ನೂ ಕೆರೆಯಿತು, ನಿಲ್ಲಿಸಿ ನೋಡಿದರೆ ಕುಂಕುಮದ ಭರಣಿ. ಎರಡನೇ ತುಂಡು ಹಾಕಿದೆ. ಅದೂ ಭರಣಿ. ಮೂರನೆಯದನ್ನು ಅರ್ಧಕ್ಕೇ ಬಿಟ್ಟು ಮೋಟರು ಆರಿಸಿದೆ.

"ಈ ಕೈಗೆ ಅದು ಬರಲ್ಲ ಮೇಡಂ. ಮಾಡ್ದೋಳು ಇವಳು, ನನ್ ಮಗಳು. ಬಾಮ್ಮಾ ಅತಿಯಾ, ಕೂತ್ಕೋ."

ಅವಳು ಕೂತಳು. ಮೇಡಂ ಫೋನನ್ನು ಅವಳ ಕಡೆ ತಿರುಗಿಸಿದರು. ನಾನು ಅಲ್ಲೇ, ಅವಳ ಪಕ್ಕದಲ್ಲೇ ಲೇತಿಗೆ ಕೈಯೂರಿಕೊಂಡು ನಿಂತಿದ್ದೆ.

"ಸಾಬ್ರೇ, ಒಸಿ ಆ ಕಡೆ ಸರ್ಕೊಳಿ," ಎಂದ ಅಶ್ವಥ್. "ನಿಮ್ ಕೈ ಅಡ್ಡ ಬತ್ತೈತೆ."