ಕಲ್ಲಿನ ಕೊನೆಯ ಸಾಲು

ಸರ್ಕಾರದ ಅಧಿಕೃತ ಯುದ್ಧಚರಿತ್ರೆಯನ್ನು ಬರೆಯುವವರು ನೆಲಮಂಗಲದ ಭೀಮರಾಜ್. ಆರು ಸಂಪುಟಗಳಾದರೂ ಒಂದರ ಮೇಲೂ ಅವರ ಹೆಸರಿಲ್ಲ. ಅವುಗಳಲ್ಲಿ ಸೋಲೂ ಇಲ್ಲ. ಸೋಲನ್ನು ಸೋಲೆಂದು ಬರೆದಿದ್ದ ಹಿಂದಿನ ಲೇಖಕರು ಇನ್ನೂ ಜೈಲಿನಲ್ಲಿದ್ದಾರೆ.

ಒಂದು ಬೆಳಿಗ್ಗೆ ನಂದಗುಡಿಯಿಂದ ಮುತ್ತಮ್ಮ ಬಂದರು. ಸಿಪಾಯಿಯಾಗಿದ್ದ ಅವರ ತಮ್ಮ ಮುನಿರಾಜು ಗಡಿಯ ಕಣಿವೆಯೊಂದರಲ್ಲಿ ಸತ್ತಿದ್ದ. ಭೀಮರಾಜರ ಸಂಪುಟದ ಪ್ರಕಾರ ಆ ಕಣಿವೆಯಲ್ಲಿ ಯಾರೂ ಸತ್ತಿರಲಿಲ್ಲ.

"ಊರ ಮುಂದೆ ಹಳೇ ವೀರಗಲ್ಲು ಅವೆ ಸಾರ್. ಪಕ್ಕದಲ್ಲೇ ನಮ್ಮ ಹುಡುಗಂದೂ ಒಂದು ನಿಲ್ಲಿಸ್ತೀವಿ. ಕೆತ್ತೋಕೆ ನಾಲ್ಕು ಸಾಲು ಬರ್ಕೊಡಿ."

ಭೀಮರಾಜ್ ಕೈಗೆ ಅಭ್ಯಾಸವಾದದ್ದನ್ನೇ ಬರೆದು ಓದಿದರು: "ಶತ್ರುವನ್ನು ಹಿಮ್ಮೆಟ್ಟಿಸಿ ಜಯ ಗಳಿಸಿದ..."

ಮುತ್ತಮ್ಮ ರೇಗಿದರು. "ಗೆದ್ದು ಮನೆಗೆ ಬಂದೋನಿಗೆ ಯಾರು ಸಾರ್ ಕಲ್ಲು ನಿಲ್ಲಿಸ್ತಾರೆ? ಸತ್ತ ಅಂತ ಬರೀರಿ."

ಭೀಮರಾಜ್ ಅದನ್ನು ಹೊಡೆದುಹಾಕಿ, ಸಂಪುಟದಲ್ಲಿ ಬಿಟ್ಟಿದ್ದ ನಿಜವನ್ನು ಹೊಸದಾಗಿ ಬರೆದು ಓದಿದರು: "ಕಣಿವೆ ಕೈತಪ್ಪಿತು. ಗಾಯಾಳುಗಳನ್ನು ಹೊತ್ತು ದಾಟಿಸುತ್ತ ಮುನಿರಾಜು ಸತ್ತ."

"ಅಷ್ಟು ಸಾಕು," ಎಂದು ಮುತ್ತಮ್ಮ ಕೈ ಚಾಚಿದರು.

"ಇರಿ. ಹಳೇ ಕಲ್ಲುಗಳಲ್ಲಿ ಕೊನೇಗೆ ಬರೆದೋನ ಹೆಸರೂ ಇರುತ್ತೆ."

"ನಿಮಗೆ ತೊಂದ್ರೆ ಆಗಲ್ವಾ?"

"ಆಗುತ್ತೆ," ಎನ್ನುತ್ತ ಭೀಮರಾಜ್, ಕೆತ್ತುವವನಿಗೆ ಚೆನ್ನಾಗಿ ಕಾಣಲೆಂದು ಅಕ್ಷರಗಳನ್ನು ದಪ್ಪಗೆ ತಿದ್ದಿ ಬರೆದರು: 'ಬರೆದವನು ಭೀಮರಾಜ್, ನೆಲಮಂಗಲ.'