ನಾ ಅಂದವಳು

ಮುಸುಕಿನ ಜರಿ ಮೂಗಿನ ತುದಿಗೆ ಚುಚ್ಚುತ್ತಿದೆ, ಕೆರೆದುಕೊಳ್ಳೋಣವೆಂದರೆ ಅತ್ತೆ ಸುಲ್ತಾನ್ ಬೀ ಇವಳ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಅದುಮಿಕೊಂಡಿದ್ದಾಳೆ, ಮಗಳನ್ನು ಹಿಡಿದಂತೆ ಹಿಡಿದಿದ್ದಾಳೋ ಕೋಳಿಯನ್ನು ಹಿಡಿದಂತೆ ಹಿಡಿದಿದ್ದಾಳೋ ಮಹಮೂದಾಳಿಗೆ ತಿಳಿಯುತ್ತಿಲ್ಲ — ಪರದೆಯ ಆಚೆ ಮದ್ದೂರಿನ ಮೊಹಲ್ಲಾದ ಗಂಡಸರು ಕೆಮ್ಮುತ್ತಿದ್ದಾರೆ, ಅವರ ನಡುವೆ ಮೈದುನ ವಾಜಿದ್, ಇನ್ನು ಸ್ವಲ್ಪ ಹೊತ್ತಿಗೆ ಗಂಡ, ಮಳವಳ್ಳಿ ಬಸ್ಸುಗಳ ಎಂಜಿನ್ನು ಬಿಚ್ಚಿ ಕಟ್ಟುವವನು, ಕೆಟ್ಟವನೇನಲ್ಲ, ಅವನ ಅಣ್ಣ, ಇವಳ ಗಂಡ ವಹಾಬ್ ಜ್ವರದಲ್ಲಿ ತೀರಿಕೊಂಡ ಮೇಲೆ ಎರಡು ವರ್ಷ ಅತ್ತಿಗೆ ಅತ್ತಿಗೆ ಎಂದು ತಲೆ ತಗ್ಗಿಸಿಯೇ ಓಡಾಡಿದವನು, ಆದರೆ ಮೊನ್ನೆ ಹೇಳಿಯೇಬಿಟ್ಟನಲ್ಲ, ನಿಕಾಹ್ ಆದ ಮೇಲೆ ಬಳೆ ಮಾರುವುದು ಸಾಕು, ನನ್ನ ಹೆಂಡತಿ ಊರೂರು ಅಲೆಯಬಾರದು — ಸಾಕಂತೆ, ಬಳೆ ಪೋಣಿಸಿದ ಮಲಾರವನ್ನು ಹೆಗಲಿಗೇರಿಸಿ ನಿಡಘಟ್ಟದ ದಾರಿ ಹಿಡಿದರೆ ಹೆಜ್ಜೆಗೊಂದು ಸದ್ದು, ಹುಣಸೆ ಸಾಲಿನ ನೆರಳು ದಾಟುವಾಗ ಎದೆ ಎಷ್ಟು ಹಗುರ, ಅದು ಇವನಿಗೇನು ಗೊತ್ತು, ಮೊದಲ ದಿನ ಅಲ್ಲಿ ಬೆಟ್ಟಮ್ಮನ ಬಾಗಿಲು ತಟ್ಟಿದ್ದಳು, ಬೆಂಗಳೂರಿನ ದಂಡಿನಲ್ಲಿ ಬೆಳೆದವಳು, ನಾಲಗೆಗೆ ಕನ್ನಡ ಹೊರಳದು, ಒಳಗಿನಿಂದ ಯಾರದು ಎಂದರೆ ಬಾಯಿಗೆ ಬಂದದ್ದು ಮೈಂ, ಉರ್ದುವಿನ ನಾನು, ಬೆಟ್ಟಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಮೈಯಾ, ಮೈಗೇನಾಗದೆ ತಾಯಿ, ಜರ ಬಂದದಾ, ಹಣೆ ಮುಟ್ಟಿಯೂ ನೋಡಿಬಿಟ್ಟಳು, ಆಮೇಲೆ ಇಬ್ಬರೂ ಜಗಲಿಯ ಮೇಲೆ ಕೂತು ನಕ್ಕದ್ದೇ ನಕ್ಕದ್ದು, ಯಾರು ಅಂತ ಕೇಳುದ್ರೆ ನಾ ಅನ್ನು ಕಣಮ್ಮ, ಬಾಕ್ಲು ತೆಗೀತೀವಿ — ನಾ, ಅಷ್ಟೇ, ಆದರೆ ಮನೆಯ ಭಾಷೆಯಲ್ಲಿ ನಾ ಎಂದರೆ ಒಲ್ಲೆ, ಇಲ್ಲ, ಆಗದು, ಸೊಸೆಯಾದವಳ ಬಾಯಲ್ಲಿ ಇರಬಾರದ ಮಾತು, ಪಾತ್ರೆ ಉಜ್ಜುತ್ತ ನಾ ನಾ ಎಂದು ಬಾಯಿಪಾಠ ಮಾಡುತ್ತಿದ್ದರೆ ಅತ್ತೆ ಸೌಟು ಹಿಡಿದು ಬಂದಿದ್ದಳು, ಕಿಸ್ಕು ನಾ ಬೋಲ್ತೀ ಗೇ, ಯಾರಿಗೇ ಒಲ್ಲೆ ಅನ್ನುತ್ತಿರುವುದು — ಯಾರಿಗೂ ಇಲ್ಲ ಅಮ್ಮಾ, ಎಂದಿದ್ದಳು ಆವತ್ತು, ನಿಜವಾಗಿಯೂ ಯಾರಿಗೂ ಅಂದಿರಲಿಲ್ಲ, ಹುಟ್ಟಿದಾಗಿನಿಂದ ಯಾರಿಗೂ, ನಿಡಘಟ್ಟದಲ್ಲಿ ಮಾತ್ರ ಯಾರದು ಎಂದರೆ ನಾ, ಅಗುಳಿ ಸರಿಯುತ್ತದೆ, ಯಾರದು, ನಾ ಕಣವ್ವ, ಬೊಗಳುವ ನಾಯಿ ಬಾಲ ಆಡಿಸುತ್ತದೆ, ಈ ಮಹಾಯುದ್ಧದ ದಿನಗಳಲ್ಲಿ ಗಾಜಿನ ಬಳೆ ಬೇರೆಲ್ಲಿಯೂ ಸಿಗದಿರುವಾಗ ಮಹಮೂದಾ ಬಂದಳೆಂದರೆ ಬೀದಿಗೆ ಬೀದಿಯೇ ಜಗಲಿಗೆ ಇಳಿಯುತ್ತದೆ, ಬಸುರಿಯರು ಕೈ ಚಾಚುತ್ತಾರೆ, ಒಂದು ಪುಟ್ಟ ಮಾತು, ಅದನ್ನಾಡಿದರೆ ಅಲ್ಲಿ ಅವಳು ಇದ್ದಾಳೆ —

ಬೇಟೀ, ಎಂದಿತು ಪರದೆಗೆ ಒರಗಿ ಕೂತ ಗೌಸ್ ಪೀರ್ ಸಾಹೇಬರ ದನಿ, ಮೊಹಲ್ಲಾದ ಹಿರಿಯರು, ಹೆಣ್ಣಿನ ಒಪ್ಪಿಗೆ ಕೇಳಿ ಖಾಜಿಗೆ ತಿಳಿಸಬೇಕಾದ ವಕೀಲರು, ವಾಜಿದನನ್ನು ಒಪ್ಪಿದ್ದೀಯಾ ಮಗೂ, ಹಾಂ ಯಾ ನಾ, ಹೂಂ ಅಥವಾ ಊಹೂಂ, ಯಾವುದಾದರೂ ಒಂದು ಹೇಳು. ಅತ್ತೆಯ ಬೆರಳುಗಳು ಬಿಗಿಯುತ್ತವೆ, ಸುಮ್ಮನಿದ್ದಾಳೆ ಸಾಹೇಬರೇ, ನಾಚಿಕೆ, ಒಪ್ಪಿದಳೆಂದೇ ತಿಳಿದುಕೊಳ್ಳಿ. ಆಗದು ಸುಲ್ತಾನ್ ಬೀ, ಕನ್ಯೆಯಾದರೆ ಮೌನ ಸಾಕು, ಒಮ್ಮೆ ಮದುವೆಯಾದವಳು ಬಾಯಿಬಿಟ್ಟು ಹೇಳಬೇಕು, ಇನ್ನೊಮ್ಮೆ ಕೇಳುತ್ತೇನೆ ಬೇಟೀ, ಹಾಂ ಯಾ ನಾ — ವಹಾಬನ ಸಲ ಹದಿನಾರರ ಹುಡುಗಿ, ಯಾರೋ ತಲೆಯನ್ನು ಹಿಂದಿನಿಂದ ಒತ್ತಿದ್ದರು, ಅದೇ ಒಪ್ಪಿಗೆಯಾಗಿತ್ತು, ಈಗ ತಲೆಯಲ್ಲ, ನಾಲಗೆಯೇ ಬೇಕಂತೆ, ಅಲ್ಲಾ, ನಾಲಗೆ ಇಷ್ಟು ಭಾರವೇ, ಬಾಗಿಲ ಮುಂದೆ ನಿಂತಂತೆ ಆಗುತ್ತಿದೆ, ಒಳಗೆ ಯಾರೋ ಕೇಳುತ್ತಿದ್ದಾರೆ —

ನಾ.

ಸೊಳ್ಳೆಯ ಸದ್ದಿನಷ್ಟು, ಆದರೆ ಪರದೆಯ ಆಚೆ ಕೆಮ್ಮು ನಿಂತಿತು. ಅತ್ತೆ ಒಂದು ಕೈಯ ಹಿಡಿತ ಬಿಡದೆ ಗಬಕ್ಕನೆ ಎದ್ದು, ಅವಳಲ್ಲ ಸಾಹೇಬರೇ, ನಿಡಘಟ್ಟದ ಗೌಡ್ತಿ ಬಂದು ಕೂತಿದ್ದಾಳೆ, ಅವರ ಮಾತಿನಲ್ಲಿ ನಾ ಎಂದರೆ ನಾನು ಅಂತ, ಅವಳೇ ಏನೋ ಅಂದಳು, ಎಂದು ಬೆಟ್ಟಮ್ಮನತ್ತ ಕೈ ತೋರಿದಳು, ಮೂಲೆಯಲ್ಲಿ ಎಲೆಯಡಿಕೆ ಮಡಿಚುತ್ತಿದ್ದ ಬೆಟ್ಟಮ್ಮ ಒಂದೂ ಅರ್ಥವಾಗದೆ ಪಿಳಿಪಿಳಿ ನೋಡಿದಳು. ಗೌಸ್ ಪೀರ್ ಸಾಹೇಬರು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಗಂಟಲು ಸರಿಮಾಡಿಕೊಂಡು ಅಚ್ಚ ಕನ್ನಡದಲ್ಲಿ ಕೇಳಿದರು, ಯಾರಮ್ಮಾ ಅದು, ಈಗ ಮಾತಾಡಿದ್ದು? ನಾನಲ್ಲ ಕಣ್ ಸಾಬ್ರೆ, ಎಂದಳು ಬೆಟ್ಟಮ್ಮ, ನಾನ್ಯಾಕ್ ಮಾತಾಡ್ಲಿ ನಿಮ್ ಮದ್ವೇಲಿ — ಆಗ ಮಹಮೂದಾ ಕೈ ಕೊಸರಿಕೊಂಡಳು, ಮುಸುಕು ತಾನಾಗಿ ಜಾರಿತು, ಗಾಳಿ, ಎಷ್ಟೊಂದು ಗಾಳಿ, ದನಿ ಈಗ ಬೀದಿಯ ದನಿ, ಜಗಲಿಯಿಂದ ಜಗಲಿಗೆ ಮುಟ್ಟುವ ದನಿ — ನಾ, ನಾ ಕಣಪ್ಪ, ಅಂದಿದ್ದು ನಾನೇ!

ನಿಕಾಹ್ ಇಲ್ಲ, ಎಂದರು ಸಾಹೇಬರು, ಹೆಣ್ಣು ಒಪ್ಪಿಲ್ಲ, ಮುಗಿಯಿತು, ಯಾರೂ ದನಿ ಎತ್ತಬೇಡಿ. ಚಪ್ಪಲಿಗಳ ಸದ್ದು, ವಾಜಿದ್ ಏನೋ ಗೊಣಗಿ ಹೊರಟ ಸದ್ದು, ಅತ್ತೆ ಹಣೆ ಚಚ್ಚಿಕೊಳ್ಳುತ್ತ ಈ ಮನೆಯಲ್ಲಿ ನಿನಗಿನ್ನು ಜಾಗವಿಲ್ಲ ಎನ್ನುತ್ತಿದ್ದಾಳೆ, ಬೆಟ್ಟಮ್ಮನಿಗೆ ಅಷ್ಟು ಮಾತ್ರ ಹೇಗೋ ಅರ್ಥವಾಗಿ, ಬುಡು ಕಣಮ್ಮ, ನಮ್ಮಟ್ಟೀಲಿ ಪಡಸಾಲೆ ಪಕ್ಕದ್ ಕ್ವಾಣೆ ಖಾಲಿ ಅದೆ, ವತ್ತು ಮುಳುಗೋ ಮುಂಚೆ ಓಗುವ ನಡಿ — ಹೋಗಬೇಕು, ಮಲಾರ ತೆಗೆದುಕೊಳ್ಳಬೇಕು, ಅಳು ಬರುತ್ತದೆಂದುಕೊಂಡರೆ ಬಂದದ್ದು ಹಸಿವು, ಬೆಳಗಿನಿಂದ ಏನೂ ತಿಂದಿಲ್ಲ, ಒಪ್ಪಿಗೆಯ ನಂತರ ಹಂಚಲೆಂದು ತುಂಬಿಸಿಟ್ಟ ಖರ್ಜೂರದ ತಟ್ಟೆ ಹಾಗೆಯೇ ಇದೆ, ಎಲ್ಲರೂ ನೋಡುತ್ತಿದ್ದಂತೆ ಒಂದನ್ನು ಬಾಯಿಗೆ ಹಾಕಿಕೊಂಡಳು, ಇಷ್ಟು ಸಿಹಿಯೇ, ನಾಲಗೆ ಹೊರಳಿಸಿ ಹೊರಳಿಸಿ ಕೊನೆಯ ಎಳೆಯವರೆಗೂ ಚೀಪಿದಳು, ಬೀಜವನ್ನು ಅಂಗೈಗೆ ಉಗುಳಿದಳು — ಒದ್ದೆ ಬೀಜ, ಗಟ್ಟಿ, ನುಣುಪು, ನಡುವೆ ಒಂದೇ ಒಂದು ಗೆರೆ.