ಬಚ್ಚಲುಮನೆಯ ಹಾರ್ಮೋನಿಯಂ

“ಸಾವಿನ ಮನೆಗೆ ಜನ ಹೂವಿನ ಹಾರ ತಗೊಂಡೋಗ್ತಾರೆ ಕಣ್ರೀ. ನೀವು ಪೆಟ್ಗೆ ಹೊತ್ಕೊಂಡು ಹೊರಟಿದೀರಲ್ಲ, ನೋಡ್ದೋರು ಏನಂದ್ಕೊಂಡಾರು?”

ಪ್ರೇಮಲೀಲಾ ಆಟೋದ ಮೂಲೆಗೆ ಒತ್ತರಿಸಿಕೊಂಡು ಗಂಡನನ್ನು ಕೇಳಿದರು. ಶಿವಲಿಂಗಯ್ಯ ಅದನ್ನು ಇನ್ನಷ್ಟು ಅವುಚಿಕೊಂಡರು. ಹಾರ್ಮೋನಿಯಂ ಪೆಟ್ಟಿಗೆಯ ಒಂದು ತುದಿ ಅವರ ತೊಡೆಯ ಮೇಲಿತ್ತು, ಇನ್ನೊಂದು ತುದಿ ಹೆಂಡತಿಯ ಪಕ್ಕೆಗೆ ನಾಟಿತ್ತು. ಬನ್ನಿಮಂಟಪದಿಂದ ಅಶೋಕಪುರಂ ತನಕ ರಸ್ತೆಯಲ್ಲಿ ಹಂಪು ಬಂದಾಗೆಲ್ಲ ಪೆಟ್ಟಿಗೆಯ ಒಳಗಿಂದ ಕುಂಯ್ ಎಂಬ ಸದ್ದು ಬರುತ್ತಿತ್ತು. ನಾಯಿಮರಿ ಇಟ್ಟುಕೊಂಡಿದ್ದಾರೇನೋ ಎಂದು ಆಟೋದವನು ಆಗಾಗ ಹಿಂದಿರುಗಿ ನೋಡುತ್ತಿದ್ದ.

“ಇವತ್ತಾದ್ರೂ ಕೇಳಿಸ್ಲಿ ಅವ್ನಿಗೆ,” ಎಂದರು ಶಿವಲಿಂಗಯ್ಯ.

“ಸತ್ತೋರಿಗೆ ಏನ್ರೀ ಕೇಳಿಸ್ತದೆ?”

“ಬದುಕಿದ್ದಾಗ್ಲೇ ಕೇಳಿಸ್ಲಿಲ್ಲವಲ್ಲೇ! ಇವತ್ತು ಅವನು ಎದ್ದು ಬಂದು ಗುಂಡಿ ತಿರುಗಿಸೋ ಹಾಗಿಲ್ಲ. ಇಡೀ ಅಶೋಕಪುರಂಗೆ ಕೇಳೋ ಹಂಗೆ ನುಡಿಸ್ತೀನಿ, ನೋಡ್ತಿರು.”

ಬೆಳಿಗ್ಗೆ ಚಿಕ್ಕಬಸವಯ್ಯ ಹೋಗಿಬಿಟ್ಟರೆಂದು ಫೋನು ಬಂದಾಗ ಶಿವಲಿಂಗಯ್ಯ ಮೊದಲು ಅತ್ತಿದ್ದರು. ಅಣ್ಣ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಆಮೇಲೆ ಮುಖ ತೊಳೆಯಲು ಬಚ್ಚಲಿಗೆ ಹೋದರು. ಬಚ್ಚಲು ಕಂಡದ್ದೇ ತಡ, ಹಳೆಯ ಸಿಟ್ಟೆಲ್ಲ ನೆತ್ತಿಗೇರಿತು.

ಏರದೆ ಇರುತ್ತದೆಯೇ? ಚಿಕ್ಕಬಸವಯ್ಯನವರ ಬೆಳ್ಳಿಚುಕ್ಕಿ ಆಡಿಯೋ ಎಂದರೆ ಮೈಸೂರು ಸುತ್ತಿನ ಜಾನಪದಕ್ಕೆ ತವರುಮನೆ. ಕ್ಯಾಸೆಟ್ಟಿನ ಕಾಲದಿಂದ ಮೊಬೈಲಿನ ಕಾಲದವರೆಗೆ ಖಾಸಗಿ ಬಸ್ಸು, ಟೀ ಅಂಗಡಿ, ಮದುವೆ ಚಪ್ಪರ, ಎಲ್ಲೆಲ್ಲೂ ಅವರು ರೆಕಾರ್ಡು ಮಾಡಿದ ಹಾಡುಗಳೇ. ಆ ಎಲ್ಲದರ ಹೊದಿಕೆಯ ಮೇಲೂ ‘ಹಾರ್ಮೋನಿಯಂ: ವಿದ್ವಾನ್ ಶಿವಲಿಂಗಯ್ಯ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆದರೆ ಒಂದೇ ಒಂದು ಹಾಡಿನಲ್ಲಾದರೂ ಹಾರ್ಮೋನಿಯಂ ಕೇಳಿಸಬೇಕಲ್ಲ? ಊಹೂಂ.

*

“ಇದು ನಿನಗೇ ಅಂತ ಸ್ಪೆಷಲ್ ರೂಮು ಕಣೋ ಲಿಂಗು,” ಎಂದು ಚಿಕ್ಕಬಸವಯ್ಯ ಮೊದಲನೆಯ ದಿನ ತೋರಿಸಿದ್ದು ಬಚ್ಚಲುಮನೆಯನ್ನು.

ಮನೆಯ ನಡುಕೋಣೆಯೇ ಸ್ಟುಡಿಯೋ. ಗೋಡೆಗೆಲ್ಲ ಕಂಬಳಿ ಹೊಡೆದಿದ್ದರು. ಹಾಡುವವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಲ್ಲಿ ನಿಲ್ಲುತ್ತಿದ್ದರು. ಶಿವಲಿಂಗಯ್ಯನವರಿಗೆ ಮಾತ್ರ ಹಂಡೆಯ ಪಕ್ಕದಲ್ಲಿ ಮಣೆ, ಬಟ್ಟೆ ಒಣಹಾಕುವ ದಾರಕ್ಕೆ ನೇತುಹಾಕಿದ ಮೈಕು.

“ನೀನು ನಾಟಕದ ಮೇಷ್ಟ್ರು, ದೊಡ್ಡ ವಿದ್ವಾಂಸ. ಎಲ್ಲರ ಜೊತೆ ಕುಂತ್ರೆ ಅವರ ಸದ್ದೆಲ್ಲ ನಿನ್ನ ಮೇಲೆ ಬೀಳ್ತದೆ,” ಎಂದು ಹೇಳಿ ಬಾಗಿಲು ಹಾಕಿಕೊಂಡರು. ಶಿವಲಿಂಗಯ್ಯ ಉಬ್ಬಿಹೋದರು. ಚಿಕ್ಕಬಸವಯ್ಯನ ಮಗಳು ಧರಣಿ, ಆಗ ಚಿಕ್ಕವಳು, ಟವಲು ಸುತ್ತಿಕೊಂಡು ಬಾಗಿಲು ಬಡಿದು, “ಮಾವ, ಸ್ಕೂಲಿಗೆ ಹೊತ್ತಾಯ್ತು, ಆಚೆ ಬನ್ನಿ,” ಎಂದು ಅಳುವವರೆಗೂ ನುಡಿಸಿದರು.

ಕ್ಯಾಸೆಟ್ಟು ಬಂದ ದಿನ ಬೀದಿಯವರನ್ನೆಲ್ಲ ಸೇರಿಸಿ ಟೇಪ್‌ರೆಕಾರ್ಡರ್ ಹಾಕಿದರು. ಹಾಡುಗಾರ್ತಿ ಮುದ್ದಮ್ಮನ ದನಿ ಬಂತು. ಸಿದ್ದಪ್ಪಾಜಿಯ ತಮಟೆ ಬಂತು. ದೂರದಲ್ಲೆಲ್ಲೋ ಒಂದು ಕಾಗೆಯೂ ಬಂತು. ಶಿವಲಿಂಗಯ್ಯನವರ ಮಾವ ಸ್ಪೀಕರಿಗೆ ಕಿವಿ ಒತ್ತಿ ಕೂತವರು ಹಾಡು ಮುಗಿದ ಮೇಲೆ ತಲೆಯೆತ್ತಿ, “ಎಲ್ಲಾ ಸರಿ, ಅಳಿಯಂದಿರದು ಯಾವ ಕಡೆ ಬರ್ತದೆ?” ಎಂದು ಕೇಳಿದರು.

ಶಿವಲಿಂಗಯ್ಯ ಅವತ್ತೇ ಅಶೋಕಪುರಂಗೆ ಹೋಗಿ ಕೂಗಾಡಿದರು. ಚಿಕ್ಕಬಸವಯ್ಯ ಅವರೆಕಾಳು ಉಪ್ಪಿಟ್ಟು ತಿನ್ನುತ್ತ ಕೂತಿದ್ದವರು ತಟ್ಟೆಯಿಂದ ಮುಖ ಎತ್ತಲಿಲ್ಲ.

“ಇದೆಯಲ್ಲೋ. ನೀನಿಲ್ದೆ ಆ ಕ್ಯಾಸೆಟ್ಟೇ ಇಲ್ಲ.”

“ಎಲ್ಲಿದೆ ತೋರ್ಸು!”

“ತೋರ್ಸಕ್ಕೆ ಅದೇನು ತಟ್ಟೇಲಿರೋ ಉಪ್ಪಿಟ್ಟಾ? ಹೋಗು, ಬಚ್ಚಲಲ್ಲಿ ಕೂತ್ಕೋ, ಮುಂದಿನ ಪದ ಹಿಡಿಯೋಣ.”

ಶಿವಲಿಂಗಯ್ಯ ಹೋಗಿ ಕೂತರು. ಇವನ ಮೆಷೀನು ಸುಟ್ಟುಹೋಗಲಿ ಎನ್ನುವ ಹಾಗೆ ತಿದಿ ಎಳೆದೆಳೆದು ಒತ್ತಿದರು. ಮುಗಿದ ಮೇಲೆ ಚಿಕ್ಕಬಸವಯ್ಯ ಬಾಗಿಲು ತೆಗೆದು, “ಇವತ್ತು ಪಸಂದಾಗಿ ಬಂತು,” ಎಂದರು. ಆ ಕ್ಯಾಸೆಟ್ಟಿನಲ್ಲೂ ಹಾರ್ಮೋನಿಯಂ ಇರಲಿಲ್ಲ.

ವರ್ಷಗಟ್ಟಲೆ ಇದೇ ಪಾಡು. ಪ್ರತಿ ಸಲವೂ ಇನ್ನು ಇವನ ಹೊಸಿಲು ತುಳಿಯುವುದಿಲ್ಲ ಎಂದು ಆಣೆ ಇಡುವರು. “ನೀನು ಬರ್ದೇ ಇದ್ರೆ ಮೆಷೀನ್ ಆನ್ ಮಾಡಲ್ಲ ಕಣೋ,” ಎಂದು ಫೋನು ಬಂದರೆ ಪೆಟ್ಟಿಗೆ ಎತ್ತಿಕೊಂಡು ಓಡುವರು. ಯಾಕೆಂದರೆ ಆ ಹಾಡುಗಳು ಅಷ್ಟು ಚೆನ್ನಾಗಿದ್ದವು. ಅದೇ ದೊಡ್ಡ ಸಂಕಟ. ಟೀ ಅಂಗಡಿಯಲ್ಲಿ ಮುದ್ದಮ್ಮನ ದನಿ ಕೇಳಿದರೆ ಶಿವಲಿಂಗಯ್ಯನವರ ಮೈ ಜುಮ್ಮೆನ್ನುತ್ತಿತ್ತು. ಇಂಥ ಹಾಡಿನಲ್ಲಿ ನಾನೂ ಒಬ್ಬ ಇದ್ದೇನೋ ಇಲ್ಲವೋ ಎನ್ನುವುದೊಂದು ಗೊತ್ತಾದರೆ ಸಾಕಿತ್ತು. ಅದನ್ನು ಹೇಳಬೇಕಾದವನು ಈಗ ಗಾಜಿನ ಪೆಟ್ಟಿಗೆಯೊಳಗೆ ಮಲಗಿಬಿಟ್ಟಿದ್ದ.

*

ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಬುದ್ಧನ ಪಟದ ಕೆಳಗೆ ಮೇಣದಬತ್ತಿ, ಅದರ ಮುಂದೆ ಚಿಕ್ಕಬಸವಯ್ಯ. ಹಾಡುವವರು, ಬಡಿಯುವವರು, ಊದುವವರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಸುತ್ತ ಕೂತು ಒಬ್ಬರ ಮೇಲೊಬ್ಬರು ಬಿದ್ದು ಗುರುವಿನ ಗುಣಗಾನ ಮಾಡುತ್ತಿದ್ದರು.

“ನಂಗೆ ಮೈಕ್ ಮುಂದೆ ನಿಂತ್ರೆ ಗಂಟಲೇ ಕಟ್ಬುಡೋದು,” ಎಂದು ಮುದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಆಗ ಯಜಮಾನ್ರು ಒಂದು ಮೊರ ಅಕ್ಕಿ ತಂದ್ಕೊಟ್ಟು, ‘ಕಲ್ಲು ಆರಿಸ್ತಾ ಕೂತ್ಕೊಳಮ್ಮ, ಹಾಡು ತಾನಾಗೇ ಬತ್ತದೆ’ ಅಂದ್ರು. ಬಂದೇ ಬಂತು ಕಣ್ರಪ್ಪ!”

“ನನ್ನ ಬೀದಿಯಾಚೆ ನಿಲ್ಸಿ ಕಿಟಕೀಲಿ ಮೈಕ್ ಇಟ್ರು,” ಎಂದರು ತಮಟೆಯ ಸಿದ್ದಪ್ಪಾಜಿ. “‘ನಿನ್ನ ತಮಟೆ ಒಳಕ್ಕೆ ಬಂದ್ರೆ ಪದ ಹಿತ್ತಲ ಬಾಗಲಲ್ಲಿ ಓಡೋಗ್ತದೆ ಕಣಯ್ಯ’ ಅನ್ನೋರು.”

ನಾಗೇಂದ್ರ ಕುರ್ಚಿಯ ಅಂಚಿಗೆ ಬಂದ. ಹಿಂದೆ ಚಿಕ್ಕಬಸವಯ್ಯನವರ ಕೈಕೆಳಗೆ ಕೀಬೋರ್ಡು, ಮಿಕ್ಸರು ಎಲ್ಲ ಕಲಿತವನು. ಈಗ ಅವನದೇ ಸ್ವಂತ ಸ್ಟುಡಿಯೋ. “ನಾನು ಕೀಬೋರ್ಡಲ್ಲಿ ಗಿಜಿಗಿಜಿ ಅಂತ ನುಡಿಸ್ತಿದ್ದೆ. ಗುರುಗಳು ಟವಲ್ ತಗೊಂಡು ನನ್ನ ಬಲಗೈಯನ್ನ ಬೆನ್ನಿಗೆ ಕಟ್ಹಾಕ್ಬುಟ್ರು! ಎಡಗೈಯೊಂದ್ರಲ್ಲಿ ನುಡಿಸಿದ್ದೇ ನನ್ನ ಜೀವಮಾನದ ಬೆಸ್ಟು. ಈಗ ರಾಜೀವನಗರದ ಹುಡುಗರು ರ್‍ಯಾಪ್ ಹಾಡಕ್ಕೆ ಬರ್ತಾರಲ್ಲ, ಅವ್ರಿಗೂ ಕೈಗೆ ಮೊರ ಕೊಟ್ಟು ಕೂರಿಸ್ತೀನಿ. ಏನ್ ಚೆನ್ನಾಗ್ ಬರ್ತದೆ ಅಂತೀರಾ! ಮೇಷ್ಟ್ರೇ, ನಿಮಗೇನ್ ಮಾಡಿದ್ರು?”

“ನಂಗೆ ಬಚ್ಚಲುಮನೆ ಕೊಟ್ಟ,” ಎಂದರು ಶಿವಲಿಂಗಯ್ಯ.

ಎಲ್ಲರೂ ನಕ್ಕುಬಿಟ್ಟರು. ಸಾವಿನ ಮನೆ ಎಂದು ನೆನಪಾಗಿ ಮೂಗಿಗೆ ಕರ್ಚೀಫು ಒತ್ತಿಕೊಂಡರು. ಯಾರೋ ಹಿರಿಯರು ಬಿಸಿಲೇರುತ್ತಿದೆ, ಎತ್ತಬೇಕು ಎಂದರು. ಧರಣಿ ಒಳಗಿನಿಂದ ಬಂದಳು. ಅತ್ತು ಅತ್ತು ಅವಳ ಮುಖ ಊದಿತ್ತು.

“ಅಪ್ಪ ಮೊದ್ಲು ರೆಕಾರ್ಡ್ ಮಾಡಿದ ಪದ ಒಂದು ಹೇಳ್ಬುಡಿ. ಆಮೇಲೆ ಕಳಿಸ್ಕೊಡೋಣ.”

ಶಿವಲಿಂಗಯ್ಯ ಕಾದಿದ್ದೇ ಇದಕ್ಕೆ. ಚಿಕ್ಕಬಸವಯ್ಯನ ತಲೆದಿಂಬಿನ ಪಕ್ಕಕ್ಕೇ ಹೋಗಿ ಕೂತರು. ತಿದಿ ಬಿಚ್ಚಿ, ಉಸಿರು ಬಿಗಿಹಿಡಿದು, ಇದ್ದಬದ್ದ ಸ್ವರಗಳನ್ನೆಲ್ಲ ಒಟ್ಟಿಗೆ ಬಾರಿಸಿದರು. ನಾಟಕದಲ್ಲಿ ದುರ್ಯೋಧನ ಬರುವಾಗ ನುಡಿಸುವ ಅಬ್ಬರ ಅದು. ಪೆಂಡಾಲಿನ ಮೇಲಿನ ಕಾಗೆಗಳು ಹಾರಿದವು. ಗಾಜಿನ ಪೆಟ್ಟಿಗೆ ಗಡಗಡ ಅಂದಿತು. ಮುದ್ದಮ್ಮ ಬಾಯಿ ತೆರೆದದ್ದು ಮಾತ್ರ ಕಂಡಿತು, ದನಿ ಕೇಳಿಸಲಿಲ್ಲ.

ನಾಗೇಂದ್ರನ ಬಲಗೈ ಅವನಿಗೇ ಗೊತ್ತಿಲ್ಲದ ಹಾಗೆ ಮೇಲೆದ್ದು ಗಾಳಿಯಲ್ಲೇ ಗುಂಡಿ ತಿರುಗಿಸಿತು. “ಮೇಷ್ಟ್ರೇ, ಹಾರ್ಮೋನಿಯಂ ಒಂಚೂರು ಕಮ್ಮಿ...”

ಶಿವಲಿಂಗಯ್ಯ ಟಪ್ಪೆಂದು ತಿದಿ ಮುಚ್ಚಿದರು. “ಕಮ್ಮಿ ಯಾಕಪ್ಪ? ಪೂರ್ತಿ ನಿಲ್ಸೇ ಬುಡ್ತೀನಿ!” ಎಂದು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಹುಡುಕಿಕೊಂಡು, ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಹೋಗಿ ಕೂತರು.

ಪದ ಶುರುವಾಯಿತು.

ಏಳು ಏಳೋ ನನ್ನ ಮಗನೆ, ಹೊಲದ ದಾರಿ ಕಾದೈತೆ...

ಮುದ್ದಮ್ಮ ಒಂದು ಕಡೆ ಎತ್ತಿದರೆ ಉಳಿದವರು ಇನ್ನೊಂದು ಕಡೆ ಎತ್ತಿದರು. ಸಿದ್ದಪ್ಪಾಜಿ ತಮಟೆ ನಿಲ್ಲಿಸಿ, “ಶ್ರುತಿ ಕೂರ್ಲಿಲ್ಲ, ಇನ್ನೊಂದು ಟೇಕು,” ಎಂದರು. ಇನ್ನೊಂದು ಟೇಕಿನಲ್ಲಿ ಮುದ್ದಮ್ಮನೇ ಜಾರಿದರು. ಮೂರನೆಯದು ಎಲ್ಲರಿಗೂ ಅಸಹ್ಯವಾಯಿತು. ಚಿಕ್ಕಬಸವಯ್ಯನ ಕೈಕೆಳಗೆ ಪಳಗಿದ ಮಂದಿ, ತಪ್ಪು ಸ್ವರವನ್ನು ಹಾಗೇ ಬಿಟ್ಟು ಮುಂದೆ ಹೋಗುವುದು ಅವರ ಕೈಲಾಗದು. ಹೆಣ ಎತ್ತಲು ಬಗ್ಗಿದವರು ಪ್ರತಿ ಸಲವೂ ಸೊಂಟ ಹಿಡಿದುಕೊಂಡು ಮತ್ತೆ ನೆಟ್ಟಗಾಗುತ್ತಿದ್ದರು.

“ಏನ್ರಪ್ಪ ಇದು, ಮಣ್ಣಿಗೆ ಬಂದಿದೀರೋ ರೆಕಾರ್ಡಿಂಗಿಗೆ ಬಂದಿದೀರೋ?” ಎಂದು ಹಿರಿಯರು ರೇಗಿದರು.

*

ಮುದ್ದಮ್ಮ ರಸ್ತೆ ದಾಟಿ ಟೀ ಅಂಗಡಿಗೆ ಬಂದರು.

“ಎದ್ದೇಳಿ ಮೇಷ್ಟ್ರೇ. ನೀವಿಲ್ದೆ ನಂಗೆ ಬಾಯೇ ಬರಾಕಿಲ್ಲ.”

“ಯಾಕಮ್ಮ? ಇಷ್ಟು ವರ್ಷ ನಾನಿಲ್ದೇನೇ ಹಾಡಿದ್ದೀಯಲ್ಲ. ಯಾವ ಕ್ಯಾಸೆಟ್ಟಲ್ಲಿದ್ದೀನಿ ನಾನು?”

ಮುದ್ದಮ್ಮ ಹುಬ್ಬು ಮೇಲೇರಿಸಿ ನೋಡಿದರು. “ಅಯ್ಯೋ ಶಿವನೆ, ನಿಮಗೆ ಗೊತ್ತಿಲ್ವಾ? ಆ ಕಿವಿಗೆ ಹಾಕ್ತಿದ್ರಲ್ಲ, ಅದ್ರಲ್ಲಿ ನಮಗೆ ಇನ್ಯಾವ ಸದ್ದೂ ಬತ್ತಿರ್ಲಿಲ್ಲ. ನಿಮ್ ಪೆಟ್ಗೆ ಒಂದೇ. ನಾ ಹಾಡಿದ್ದೆಲ್ಲ ನಿಮ್ಮ ಬೆರಳು ಹಿಡ್ಕೊಂಡೇಯ.”

“ಸುಳ್ಳು.”

“ದಿಟವಾಗ್ಲೂ ಮೇಷ್ಟ್ರೇ,” ಎಂದ ಹಿಂದೆ ಬಂದಿದ್ದ ನಾಗೇಂದ್ರ. ಅವನ ಮುಖ ಸಿಕ್ಕಿಬಿದ್ದ ಕಳ್ಳನ ಹಾಗಾಗಿತ್ತು. “ಹಾಡೋರ ಕಿವಿಗೆ ನಿಮ್ಮದನ್ನ ತುಂಬೋದು, ಕೊನೇಲಿ ನಿಮ್ಮದನ್ನ ಪೂರ್ತಿ ತೆಗೆಯೋದು, ಅದೇ ನನ್ನ ಡ್ಯೂಟಿ. ಬೇರೆ ಕಂಪನಿಯೋರು ಬೆಳ್ಳಿಚುಕ್ಕಿ ಹಾಡಲ್ಲಿ ಏನಿದೆ, ಯಾಕಿಷ್ಟು ಗಟ್ಟಿ ನಿಲ್ತದೆ ಅಂತ ತಲೆ ಕೆರ್ಕೊಳ್ಳೋರು. ಮನೆ ಕಟ್ಟೋವಾಗ ಗೋಡೆಗೆ ಬೊಂಬಿನ ಸಾರ್ವೆ ಬೇಕು, ಗೃಹಪ್ರವೇಶಕ್ಕೆ ಸಾರ್ವೆ ಕಾಣಬಾರದು ಅನ್ನೋರು ಗುರುಗಳು.”

“ಹಂಗಾದ್ರೆ ನಂಗೆ ಯಾಕೋ ಹೇಳ್ಲಿಲ್ಲ ಅವ್ನು?”

ನಾಗೇಂದ್ರ ತಲೆ ಕೆರೆದುಕೊಂಡ. “ಬೇಜಾರಾಗ್ಬೇಡಿ. ‘ಲಿಂಗಂಗೆ ಹೇಳಿದ್ರೆ ಕೆಟ್ಟೆ. ಸಿಟ್ಟಲ್ಲಿದ್ರೆ ಸ್ವರ ಕಲ್ಲಿನ ಹಂಗೆ ನಿಲ್ಲಿಸ್ತಾನೆ. ಸಮಾಧಾನ ಆಯ್ತೋ, ಸ್ವರ ಬಳುಕಿಸಿ ಗಮಕ ಹಾಕಕ್ಕೆ ಶುರು ಹಚ್ಕೋತಾನೆ’ ಅಂತಿದ್ರು.”

ಶಿವಲಿಂಗಯ್ಯ ಗ್ಲಾಸು ಕೆಳಗಿಟ್ಟರು. ಎದ್ದವರೇ ರಸ್ತೆ ದಾಟಿ, ಜನರನ್ನು ಸರಿಸಿ, ಗಾಜಿನ ಪೆಟ್ಟಿಗೆಯ ಮುಂದೆ ನಿಂತರು.

“ಲೋ ಬಸಯ್ಯ, ಮೋಸಗಾರ ನನ್ಮಗನೆ! ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ಬೇಕು ಬೇಕಂತ ನನ್ನ ಉರಿಸಿದೆಯಲ್ಲೋ!”

“ರೀ, ಮೆಲ್ಲಗೆ,” ಎಂದು ಪ್ರೇಮಲೀಲಾ ಅಂಗಿ ಜಗ್ಗಿದರು.

“ಬುಡೇ! ನನ್ನ ಗಮಕಕ್ಕೆ ಏನಾಗಿತ್ತಂತೆ ಕೇಳು ಇವನನ್ನ!” ಎನ್ನುತ್ತಲೇ ಗಾಜಿನ ಮೇಲೆ ಎರಡೂ ಕೈ ಊರಿ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅಳುವಿನ ನಡುವೆ ನಗುವೂ ಬಂದುಬಿಟ್ಟಿತು. ಧರಣಿ ಅವರ ತೋಳು ಹಿಡಿದುಕೊಂಡು ತಾನೂ ಅತ್ತಳು, ತಾನೂ ನಕ್ಕಳು.

ಆಮೇಲೆ ಅವರು ಮೂಗೊರೆಸಿಕೊಂಡು, ಹಾರ್ಮೋನಿಯಂಗೆ ಪಟ್ಟಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು, ಸ್ವರ ಹಿಡಿದರು. ಗಮಕವಿಲ್ಲ, ಅಬ್ಬರವಿಲ್ಲ. ಮುದ್ದಮ್ಮ ಒಮ್ಮೆ ಕಣ್ಣು ಮುಚ್ಚಿ ಕೇಳಿಸಿಕೊಂಡು ಪದ ಎತ್ತಿದರು. ಉಳಿದವರು ಬಂದು ಕೂಡಿದರು. ಬಗ್ಗಿದವರು ಈ ಸಲ ಎತ್ತಿಯೇಬಿಟ್ಟರು.

ಬೀದಿಯ ಉದ್ದಕ್ಕೂ ಜನ ಬಾಗಿಲಿಗೆ ಬಂದು ನಿಂತರು. ತಮಟೆ ಮುಂದೆ, ಹೂವಿನ ಗಾಡಿ ನಡುವೆ, ಅದರ ಹಿಂದೆ ಪದ. ಮಲಗಿದವನನ್ನು ಏಳೋ ಏಳೋ ಎಂದು ಕರೆಯುತ್ತಲೇ ಅವನನ್ನು ಕರೆದುಕೊಂಡು ಹೋಗುತ್ತಿದ್ದರು.

“ಈಗ ಜೋರಾಗಿ ನುಡಿಸಿ ಮೇಷ್ಟ್ರೇ,” ಎಂದು ನಾಗೇಂದ್ರ ಕಿವಿಯ ಹತ್ತಿರ ಬಂದು ಹೇಳಿದ. “ಇವತ್ತು ನಿಮ್ಮನ್ನ ಯಾರೂ ಕಮ್ಮಿ ಮಾಡಲ್ಲ.”

ಶಿವಲಿಂಗಯ್ಯ ಪದವನ್ನೇ ಕೇಳುತ್ತಿದ್ದರು. ಮುದ್ದಮ್ಮನ ದನಿ ಎಷ್ಟು ನೆಟ್ಟಗೆ ನಿಂತಿತ್ತೆಂದರೆ ಇನ್ನು ಅದಕ್ಕೆ ಯಾವ ಆಸರೆಯೂ ಬೇಕಿರಲಿಲ್ಲ. ಅವರು ಎಡಗೈಯಿಂದ ತಿದಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದರು. ತಿರುವಿನ ಹತ್ತಿರ ಬರುವಷ್ಟರಲ್ಲಿ ಅದನ್ನು ಪೂರ್ತಿ ಒತ್ತಿ ಕೊಂಡಿ ಹಾಕಿದರು. ಹಾಡು ಕೂದಲೆಳೆಯಷ್ಟೂ ಅಲುಗಲಿಲ್ಲ.

“ಪಾಪ, ಆ ಯಜಮಾನ್ರ ಪೆಟ್ಗೆ ಕೆಟ್ಟೋಗೈತೆ ಕಣೆ, ಸದ್ದೇ ಬತ್ತಿಲ್ಲ,” ಎಂದು ಜಗಲಿಯ ಮೇಲೆ ನಿಂತ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದಳು.

ಶಿವಲಿಂಗಯ್ಯನವರ ಬಲಗೈ ಬೆರಳುಗಳು ಮಾತ್ರ ಗಾಳಿಯಿಲ್ಲದ ಪೆಟ್ಟಿಗೆಯ ಮೇಲೆ ಒಂದೊಂದೇ ಸ್ವರವನ್ನು ಒತ್ತುತ್ತ ಹೋದವು. ಪಕ್ಕದಲ್ಲಿ ನಡೆಯುತ್ತಿದ್ದ ಮುದ್ದಮ್ಮ ಆ ಬೆರಳುಗಳ ಮೇಲಿಂದ ಕಣ್ಣು ತೆಗೆಯದೆ ಹಾಡುತ್ತಿದ್ದರು.